‘ನೋಡೂಣು’ ಅನ್ನದ ಗೌಡರ ಮಗ

ನಮ್ಮಪ್ಪ ನನ್ನ ಎಮ್ಮೆಲ್ಲೆ ಮಾಡಬೇಕಂತ ಸಾಕಿದ್ದ. ನಾ ದನದ ದವಾಖಾನಿ ಸೇರಿದೆ. ಇಷ್ಟ ನೋಡ್ರಿ ನನ್ನ ಕಥಿ. ಉಳಿದದ್ದೆಲ್ಲಾ ಸಗಣಿ, ಸೂಜಿ, ಸೈಕಲ್ಲು.

ಹೋದ ತಿಂಗಳ ಬಸವನ ಬಾಗೇವಾಡ್ಯಾಗ ನಮ್ಮ ದನದ ದವಾಖಾನಿಗಿ ಹೊಸದಾಗಿ ಸೇರಿದ ಹುಡುಗೂರಿಗಿ ನಾಕು ಮಾತು ಹೇಳ್ರಿ ಅಂತ ನನ್ನ ಕರದಿದ್ರು. ಶಾಲು ಹೊದಿಸಿದ್ರು, ಹಾರ ಹಾಕಿದ್ರು, ಹಾರ ಹಾಕೂದನ್ನ ಫೋಟೋ ತಗದ್ರು, ಫೋಟೋ ಸರಿ ಬಂದಿಲ್ಲಂತ ಮತ್ತೊಮ್ಮೆ ಹಾಕಿದ್ರು. ನಾ ಮಾತು ಸುರು ಮಾಡೂದ್ರಾಗ ಊಟದ ಹೊತ್ತಾತು. ಹೊರಗ ಬರೂಮುಂದ ಒಬ್ಬ ಹುಡುಗಿ ಬಂದು, "ಸರ, ನೀವು ಹೇಳೂದು ಅರ್ಧಾ ಉಳೀತು. ಬರದು ಕೊಡ್ರೆಲಾ" ಅಂದ್ಲು. ಅದಕ್ಕ ಬರಿಯಾಕತ್ತೇನಿ ತಂಗಿ. ನನ್ನ ಬಡ್ತಿ, ವರ್ಗಾವಣಿ ಆರ್ಡರ್ ಇದರಾಗ ಇರೂದಿಲ್ಲ. ಅವು ಎಲ್ಲಾರಿಗೂ ಆಗ್ತಾವ. ನಿನಗ ಉಪಯೋಗಕ್ಕ ಬರೂದು ನಾ ಮಾಡಿದ ತಪ್ಪು, ನಾ ಬೈಸಿಕೊಂಡಿದ್ದು, ಮತ್ತ ನಾ ಕಲ್ತ ಒಂದ ಒಂದು ಮಾತು.

ನಮ್ಮೂರು ಮನಗೂಳಿಯಿಂದ ಎರಡು ಹರದಾರಿ. ಅಪ್ಪ ಗುರಪ್ಪಗೌಡ ಊರ ಪಂಚಾಯತಿ ಚೇರಮನ್. ಒಮ್ಮೆ ತಾಲೂಕ ಬೋರ್ಡಿಗಿ ನಿಂತು ಸೋತಿದ್ದ. ಆ ಸೋಲು ಅವಗ ಕಡೀತನಕಾ ನುಂಗಾಕ ಆಗಲಿಲ್ಲ. "ನನ್ನ ಕೈಲೆ ಆಗದ್ದು ನನ್ನ ಹಿರೇಮಗ ಮಾಡಿ ತೋರಸ್ತಾನ, ಮೊದಲ ಬೋರ್ಡು, ಆಮ್ಯಾಲ ಎಮ್ಮೆಲ್ಲೆ" ಅಂತ ಕಂಡಕಂಡಾವ್ರ ಮುಂದ ಹೇಳಾಂವ. ನನಗ ಮೀಸಿ ಮೂಡೂದಕ್ಕಿಂತ ಮೊದಲ ಖಾದಿ ಜುಬ್ಬಾ ಹೊಲಿಸಿದ್ದ. ಸುತ್ತಿನ ಹಳ್ಳ್ಯಾಗ ಯಾರದ ಮದುವಿ ಇರಲಿ, ಯಾರದ ಮಣ್ಣಿರಲಿ, ನನ್ನ ಬಾಜೂಕ ಕುಂಡ್ರಿಸಿಕೊಂಡು ಹೋಗಾಂವ. ಹೊಳ್ಳಿ ಬರೂಮುಂದ ಚಕ್ಕಡ್ಯಾಗ ಪರೀಕ್ಷಾ.

"ಕೆಂಪು ಪಟಕಾದಾಂವ ಯಾರು?"

"ಸಾತಿಹಾಳ ಮನಿತನದಾಂವ, ರಾಮಪ್ಪ."

"ಅವನ ಅಳಿಯಾ ಯಾವೂರಾಂವ?"

ಗೊತ್ತಿಲ್ಲ ಅಂದ್ರ ತಲಿಗೊಂದು ಟೊಣಕು. ಹಿಂಗ ನಲವತ್ತು ಹಳ್ಳಿ ಮಂದಿ ಹೆಸರು, ಬೀಗತನ, ಜಗಳ ಎಲ್ಲಾ ನನ್ನ ತಲ್ಯಾಗ ತುಂಬಿದ. ಆದ್ರ ಎಲ್ಲಾಕಿಂತ ದೊಡ್ಡ ಪಾಠ ಬ್ಯಾರೇನ ಇತ್ತು. ನಮ್ಮ ಕಟ್ಟಿಗಿ ದಿನಾ ಮಂದಿ ಬರ್ತಿದ್ರು. ಒಬ್ಬಗ ಭಾವಿ ಬೇಕು, ಒಬ್ಬಗ ದಾರಿ ಬೇಕು, ಒಬ್ಬಗ ಮಗನ ನೌಕರಿ ಬೇಕು. ಅಪ್ಪ ಎಲ್ಲಾರಿಗೂ ಮೀಸಿ ಮ್ಯಾಲ ಕೈಯಾಡಿಸಿ ಒಂದ ಮಾತು ಹೇಳಾಂವ: "ನೋಡೂಣು." ಅವರು ಹೋದ ಮ್ಯಾಲ ನನಗ ಹೇಳಾಂವ, "ಸಂಗಣ್ಣಾ, ಯಾರಿಗೂ ಇಲ್ಲ ಅನಬ್ಯಾಡ. ಇಲ್ಲ ಅಂದಿ, ಒಂದು ವೋಟ್ ಹೋತು. ನೋಡೂಣು ಅಂದ್ರ ಕೇಳಾಂವ ಸಮಾಧಾನದ್ಲೆ ಮನಿಗಿ ಹೋಗ್ತಾನ, ನೀನೂ ಸಿಗಬೀಳೂದಿಲ್ಲ."

ಇನ್ನ ಭಾಷಣ. ಮಂದಿ ಮುಂದ ನಾ ಅಂಜತಿದ್ದೆ. ಅದಕ್ಕ ಅಪ್ಪ ಒಂದು ಉಪಾಯ ತಗದ. ಮುಂಜಾನೆದ್ದು ಕೊಟ್ಟಿಗ್ಯಾಗ ನಮ್ಮ ಎತ್ತು, ಎಮ್ಮಿ, ಆಕಳ ಸಾಲಾಗಿ ನಿಂತಿರ್ತಿದ್ವಲ್ಲ, ಅವುಗಳ ಮುಂದ ನಿಂತು ಭಾಷಣ ಮಾಡಬೇಕು. ಅಪ್ಪ ಹೊರಗ ಹಲ್ಲು ತಿಕ್ಕಿಕೋತ ಕೇಳಾಂವ. "ಮಹಾಜನಗಳೇ, ಮಾತೆಯರೇ" ಅಂತ ನಾ ಸುರು ಮಾಡಿದ್ರ ಅವ್ವ ಒಲಿ ಮುಂದ ಸೆರಗು ಬಾಯಿಗಿ ಹಿಡಕೊಂಡು ನಗಾಕಿ.

ಒಂದಿನ ಹಿಂಗ ನೀರಾವರಿ ಬಗ್ಗೆ ಜೋರಾಗಿ ಮಾತಾಡಾಕತ್ತಿದ್ದೆ. ಬಲಗಡೆ ನಿಂತಿದ್ದ ಖಿಲಾರಿ ಎತ್ತಿನ ಮ್ಯಾಲ ಕಣ್ಣು ಹೋತು. ಎಲ್ಲಾ ದನ ಮೆಲಕ ಹಾಕಾಕತ್ತಿದ್ವು, ಅದೊಂದ ಹಾಕತಿದ್ದಿಲ್ಲ. ಎಡಬಗಲು ಡೊಳ್ಳಿನಂಗ ಉಬ್ಬಿತ್ತು. ನಾ ಭಾಷಣ ಅಲ್ಲೇ ಬಿಟ್ಟು ಚೀರಿದೆ. ಬಾಗೇವಾಡಿಗಿ ಆಳ ಕಳಿಸಿ ದೇಸಾಯಿ ಡಾಕ್ಟ್ರನ್ನ ಕರಸಿದ್ವಿ. ಅವರು ಬಂದಾವ್ರ ಒಂದು ಮಾತೂ ಆಡಲಿಲ್ಲ, ಎಡಬಗಲಿಗಿ ದಪ್ಪನ್ನ ಕೊಳವಿ ಸೂಜಿ ಚುಚ್ಚಿದ್ರು. ಭುಸ್ಸಂತ ಗಾಳಿ ಹೊರಗ ಬಂತು. ಒಂದು ತಾಸಿನಾಗ ಎತ್ತು ಮೆಲಕ ಹಾಕ್ತು. "ಯಾರು ಮೊದಲ ನೋಡಿದ್ದು?" ಅಂತ ಕೇಳಿದ್ರು. ನನ್ನ ತೋರಿಸಿದ್ರು. "ಕಣ್ಣು ಚಲೋ ಅದಾವ" ಅಂದು ಸೈಕಲ್ ಹತ್ತಿ ಹೋದ್ರು. ಅಷ್ಟ ಸಾಕಾತು ನನಗ. ಅಲ್ಲೀತನಕಾ ನನ್ನ ಯಾರೂ ಹೊಗಳಿದ್ದಿಲ್ಲ, ನನ್ನ ಜುಬ್ಬಾ ಹೊಗಳಿದ್ರು.

ಮೆಟ್ರಿಕ್ ಆದ ಮ್ಯಾಲ ಅಪ್ಪಗ ಹೇಳಲಾರದ ಅರ್ಜಿ ಹಾಕಿದೆ. ಒಂದು ವರ್ಷದ ಟ್ರೇನಿಂಗ್ ಮುಗದು ಸ್ಟಾಕ್‌ಮನ್, ಅಂದ್ರ ದನದ ಡಾಕ್ಟ್ರ ಕೈಕೆಳಗಿನಾಂವ, ಅಂತ ಆರ್ಡರ್ ಬಂದಾಗ ಮನ್ಯಾಗ ರಾಮಾಯಣ ಆತು. "ಗೌಡರ ಹಿರೇಮಗ ದನದ ಹಿಂದ ಕೈ ಹಾಕೂ ನೌಕರಿಗಿ ಹೊಂಟಾನಂತ. ನಾಕು ಮಂದ್ಯಾಗ ನಾ ಹ್ಯಾಂಗ ಮಾರಿ ತೋರಿಸ್ಲಿ?" ಅಂತ ಅಪ್ಪ ಎರಡು ದಿನ ಉಣ್ಣಲಿಲ್ಲ. ಮೂರನೇ ದಿನ ಅವನ ತಲ್ಯಾಗ ಬ್ಯಾರೇ ಬೆಳಕು ಬಿತ್ತು. ದನದ ಡಾಕ್ಟ್ರು ಮನಿಮನಿಗಿ ಹೋಗಾಂವ, ಕೊಟ್ಟಿಗಿತನಕಾ ಹೋಗಾಂವ, ಇದಕ್ಕಿಂತ ಚಲೋ ಪ್ರಚಾರ ಯಾವುದೈತಿ? "ಹೋಗು. ಆದ್ರ ಒಂದು ಮಾತು. ಮುಂದಿನ ತಾಲೂಕ ಬೋರ್ಡ್ ಇಲೆಕ್ಷನ್ ಬಂದ ದಿನ ರಾಜೀನಾಮಿ ಕೊಟ್ಟು ಬರಬೇಕು" ಅಂದ. ನಾ ಏನಂದೆ? ಕಲಿಸಿದ್ದನ್ನ ಅಂದೆ. "ನೋಡೂಣಪ್ಪ" ಅಂದೆ. ಅಪ್ಪ ಖುಷಿಯಾದ.

ಮೊದಲನೇ ಪೋಸ್ಟಿಂಗ್ ಇಂಡಿ. ನನ್ನ ದೈವ ನೋಡ್ರಿ, ದೇಸಾಯಿ ಡಾಕ್ಟ್ರೂ ಅಲ್ಲಿಗಿ ವರ್ಗ ಆಗಿ ಬಂದಿದ್ರು. ಮಾತು ಕಮ್ಮಿ ಮನುಷ್ಯ. ದಿನಕ್ಕ ಹತ್ತು ಸಲ ಕೈ ತೊಳಕೊಳ್ಳಾವ್ರು. ನನಗೂ ಅದನ್ನ ಹೇಳಾವ್ರು: "ಮೊದಲ ಕೈ ತೊಳಕೋ, ಆಮ್ಯಾಲ ಮಾತಾಡು." ನಾ ಉಲ್ಟಾ ಮಾಡತಿದ್ದೆ. ಹಳ್ಳಿಗಿ ಹೋದ್ರ ಮೊದಲ ಅರ್ಧಾ ತಾಸು ಮಾತು, ಚಾ, ಬೀಗರ ಕ್ಷೇಮ. ಅಪ್ಪನ ಟ್ರೇನಿಂಗು.

ಒಂದು ಸಲ ಡಾಕ್ಟ್ರು ವಿಜಾಪುರಕ್ಕ ಮೀಟಿಂಗಿಗಿ ಹೋಗಿದ್ರು. ಹಳ್ಳಿಯಿಂದ ಶಾಂತವ್ವ ಅನ್ನೂ ಹೆಣ್ಮಗಳ ಮನಿಯವ್ರು ಓಡಿ ಬಂದ್ರು. "ಎಮ್ಮಿ ಗಂಟಲಾಗ ಏನೋ ಸಿಕ್ಕೈತ್ರಿ. ಮೇವು ನುಂಗವಲ್ದು, ಜೊಲ್ಲು ಸುರಿಸಾಕತ್ತೈತಿ" ಅಂದ್ರು. ನಾ ಹೋದೆ. ಇಬ್ರು ಗಂಡಸರು ಎಮ್ಮಿ ಕೊಂಬು ಹಿಡದ್ರು, ನಾ ಬಾಯಾಗ ಮೊಣಕೈತನಕಾ ಕೈ ಹಾಕಿ ತಡಕ್ಯಾಡಿದೆ. ಏನೂ ಸಿಗಲಿಲ್ಲ. ನನಗ ಏನೂ ತಿಳೀಲಿಲ್ಲ. ಶಾಂತವ್ವ ಕೇಳಿದ್ಲು, "ಉಳೀತೈತೇನ್ರಿ ಸಾಹೇಬ್ರ? ಮನಿಗಿ ಇದೊಂದ ಹೈನ."

ತಂಗಿ, ಆವಾಗ ನಾ ಹೇಳಬೇಕಾಗಿದ್ದು ಇಷ್ಟ: ನನಗ ಗೊತ್ತಾಗವಲ್ದು, ಡಾಕ್ಟ್ರು ಬರೂತನಕಾ ಎಮ್ಮಿ ಹತ್ರ ಯಾರೂ ಹೋಗಬ್ಯಾಡ್ರಿ. ನಾ ಏನಂದೆ? "ನೋಡೂಣು ಶಾಂತವ್ವ. ಗಂಜಿ ಕುಡಸ್ರಿ, ಇಳೀತೈತಿ." ಆಕಿ ಸಮಾಧಾನ ಆದ್ಲು, ನನಗ ಚಾ ಕೊಟ್ಲು. ಎರಡು ದಿನ ಮನಿಮಂದೆಲ್ಲಾ ಸರದಿ ಹಚ್ಚಿ ಆ ಎಮ್ಮಿ ಬಾಯಾಗ ಬೊಂಬಿನ ಗೊಟ್ಟ ಇಟ್ಟು ಗಂಜಿ ಸುರವಿದ್ರು. ಮೂರನೇ ದಿನ ದೇಸಾಯಿ ಡಾಕ್ಟ್ರು ನನ್ನ ಕೂಡ ಬಂದ್ರು. ಒಳಗ ಕಾಲಿಡಲಿಲ್ಲ. ಹೊಸ್ತಿಲದಾಗ ನಿಂತು ಎಮ್ಮಿ ಒದರೂದು ಕೇಳಿದ್ರು. ಒಡದ ದನಿ. ಕಣ್ಣು ಕೆಂಪಗಾಗಿ ಗ್ವಾದ್ಲಿ ಕಲ್ಲು ಕಚ್ಚಾಕತ್ತಿತ್ತು.

"ಹೊರಗ ಬರ್ರಿ ಎಲ್ಲಾರೂ" ಅಂದ್ರು. "ಹುಚ್ಚುನಾಯಿ ಕಡದೈತಿ ಇದಕ್ಕ."

ಆಮ್ಯಾಲ ನನ್ನ ಕಡೆ ಹೊಳ್ಳಿ, "ಕೈ ತೋರ್ಸು" ಅಂದ್ರು. ಎಮ್ಮಿ ಹಲ್ಲು ತರಚಿದ ಗೆರಿ ಇನ್ನೂ ಹಸೀನ ಇದ್ವು.

ಶಾಂತವ್ವ, ಇಬ್ರು ಗಂಡುಮಕ್ಕಳು, ಇಬ್ರು ಸೊಸ್ತೇರು, ಒಬ್ಬ ಭಾವ, ನಾನು, ಏಳು ಮಂದಿ ವಿಜಾಪುರ ದೊಡ್ಡ ದವಾಖಾನಿಗಿ ಹೋದ್ವಿ. ಸೊಸ್ತೇರಾಗ ಒಬ್ಬಾಕಿ ಬಸುರಿ. ಆವಾಗ ಹುಚ್ಚುನಾಯಿ ಸೂಜಿ ಅಂದ್ರ ಹೊಟ್ಟಿಗಿ, ದಿನಾ ಒಂದರಂಗ ಹದಿನಾಲ್ಕು. ಮೊದಲನೇ ದಿನ ಸಾಲು ಹಚ್ಚಿದಾಗ ಶಾಂತವ್ವ ಹಿಂದ ಸರದು, "ನೀವ ಮುಂದ ಹೋಗ್ರಿ ಸಾಹೇಬ್ರ. ನೋಡೂಣು ಅಂದಾವ್ರು ನೀವ" ಅಂದ್ಲು. ಎಲ್ಲಾರೂ ನಕ್ರು. ನನಗ ನಗು ಬರಲಿಲ್ಲ. ಹದಿನಾಲ್ಕು ದಿನ ಆ ಬಸುರಿ ಹೆಣ್ಮಗಳು ಸೂಜಿ ಚುಚ್ಚಿಸಿಕೊಂಡು ಹಲ್ಲು ಕಚ್ಚಿ ಹೊರಗ ಬರೂದನ್ನ ನೋಡಿದೆ. ನನ್ನ ಹೊಟ್ಟಿ ಬ್ಯಾನಿ ಏನೂ ಅನಸಲಿಲ್ಲ. ನಾಚಿಕಿಯಿಂದ ಸಾಯೂದೊಂದು ಬಾಕಿ ಇತ್ತು.

ದೇವರು ದೊಡ್ಡಾಂವ, ಯಾರಿಗೂ ಏನೂ ಆಗಲಿಲ್ಲ. ಎಮ್ಮಿ ಹೋತು. ಕೂಸು ಚಲೋ ಹುಟ್ಟಿತಂತ ಶಾಂತವ್ವ ಹೇಳಿ ಕಳಿಸಿದ್ಲು. ದೇಸಾಯಿ ಡಾಕ್ಟ್ರು ಮಾತ್ರ ನನ್ನ ಎದುರಿಗಿ ಕುಂಡ್ರಿಸಿಕೊಂಡು, ಅವರ ಜೀವನದಾಗ ಎಂದೂ ಆಡದಷ್ಟು ಮಾತಾಡಿದ್ರು. "ಗೌಡಾ, ದನ ನಿನಗ ವೋಟ್ ಹಾಕೂದಿಲ್ಲ. ಅದರ ಮುಂದ ಯಾಕ ರಾಜಕಾರಣ ಮಾಡ್ತಿ? ಗೊತ್ತಿದ್ರ ಗೊತ್ತೈತಿ ಅನ್ನು. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು. ಉಳಿಯೂದಿಲ್ಲಂದ್ರ ಇಲ್ಲ ಅನ್ನು. ನೋಡೂಣು ಅನ್ನೂದು ಔಷಧ ಅಲ್ಲ." ಆವತ್ತಿನಿಂದ ಆ ಮಾತು ನನ್ನ ಬಾಯಾಗ ಬಂದಿಲ್ಲ. ಹೆಂಡತಿ ಸೀರಿ ಕೇಳಿದ್ರೂ ಹೂಂ ಇಲ್ಲಾ ಊಹೂಂ, ಎರಡರಾಗ ಒಂದು. ಅದಕ್ಕೂ ಬೈಸಿಕೊಂಡೇನಿ.

ಸಿಂದಗಿಗಿ ವರ್ಗ ಆದ ಮ್ಯಾಲ ಅಪ್ಪನ ಭಾಷಣ ಉಪಯೋಗಕ್ಕ ಬಂತು, ಇದನ್ನೂ ಹೇಳಬೇಕು. ಮೊದಲ ಹೋರಿ ಬೀಜ ಒಡಿಯೂದಂದ್ರ ಅದನ್ನ ಕೆಡವಿ, ಕಾಲು ಕಟ್ಟಿ, ಕಟಿಗಿಲೆ ಜಜ್ಜತಿದ್ರು. ಆ ಒದರಾಟ ಊರಿಗೂರ ಕೇಳತಿತ್ತು. ತಿಂಗಳಗಟ್ಟಲೆ ಹೋರಿ ಮೇಯತಿದ್ದಿಲ್ಲ. ನಮಗ ದೊಡ್ಡ ಇಕ್ಕಳ ಬಂತು. ಚರ್ಮ ಹರಿಯೂದಿಲ್ಲ, ರಕ್ತ ಬರೂದಿಲ್ಲ, ಒಳಗಿನ ನರ ಅಷ್ಟ ಕಟ್ ಆಗ್ತಿತ್ತು. ಹೋರಿ ಎದ್ದು ನಿಂತು ಮೇವು ತಿಂತಿತ್ತು. ಅದ ಕುತ್ತಾತು. "ಏನೂ ಆಗೇ ಇಲ್ಲಲ್ರಿ. ಹೋರಿ ಒದರಲೂ ಇಲ್ಲ" ಅಂತ ರೈತರು ನಂಬಲಿಲ್ಲ. ನಾ ಚಾವಡಿ ಕಟ್ಟಿ ಹತ್ತಿ, ನಮ್ಮ ಕೊಟ್ಟಿಗ್ಯಾಗ ಕಲ್ತದ್ದೆಲ್ಲಾ ಹೊರಗ ತಗದು ಭಾಷಣ ಮಾಡಿದೆ. "ನಿಮ್ಮನ್ನ ಕೆಡವಿ ಜಜ್ಜಿದ್ರ ಮರುದಿನ ಹೊಲಕ್ಕ ಹೊಕ್ಕೀರೇನು?" ಅಂದೆ. ಹೆಣ್ಮಕ್ಕಳು ಮಾರಿ ಮುಚ್ಚಿಕೊಂಡು ಓಡಿದ್ರು, ಗಂಡಸರು ಬಿದ್ದು ಬಿದ್ದು ನಕ್ರು. ಅವತ್ತ ಇಪ್ಪತ್ತು ಹೋರಿ ಬಂದ್ವು.

ಅದರಾಗ ಒಬ್ಬಾಂವ ವರ್ಷ ಆಗೂದ್ರಾಗ ಜಗಳಕ್ಕ ಬಂದ. "ನಿಮ್ಮ ಇಕ್ಕಳ ಸುಳ್ಳೈತ್ರಿ. ಆ ಹೋರಿಯಿಂದ ನನ್ನ ಆಕಳ ಕರಾ ಹಾಕೈತಿ" ಅಂದ. ಒಳಗ ಉಳದ ವೀರ್ಯ ಹೋಗೂತನಕಾ, ಇಕ್ಕಳ ಹಾಕಿದ ಹೋರೀನ ಎರಡು ತಿಂಗಳು ಆಕಳ ಹತ್ರ ಬಿಡಬ್ಯಾಡ್ರಿ ಅಂತ ಸಾರಿ ಹೇಳಿದ್ದೆ. ಇಂವ ಎಂಟನೇ ದಿನಕ್ಕ ಬಿಟ್ಟಿದ್ದ. "ಹೋರಿ ಸುಮ್ಮ ಕುಂಡ್ರಲಿಲ್ರಿ" ಅಂದ. "ಹೋರಿ ಸುಮ್ಮ ಕುಂಡ್ರೂದಿಲ್ಲಪ್ಪ, ನೀ ಹಗ್ಗ ಹಿಡಕೊಂಡು ಕುಂಡ್ರಬೇಕಾಗಿತ್ತು" ಅಂದೆ. ಕರಾ ಮಾತ್ರ ಬಾಳ ಚಂದಿತ್ತು.

ಮುದ್ದೇಬಿಹಾಳದಾಗ ಕಲ್ತದ್ದು ಇನ್ನೊಂದು. ಆಗಷ್ಟ ಕೃತಕ ಗರ್ಭಧಾರಣೆ ಸುರುವಾಗಿತ್ತು. ವಿಜಾಪುರದಿಂದ ಹೋರಿ ವೀರ್ಯ ಬರ್ಫ ಹಾಕಿದ ಥರ್ಮಾಸಿನಾಗ ಬಸ್ಸಿಗಿ ಬರತಿತ್ತು. ಕಂಡಕ್ಟರ್ ಸ್ಟ್ಯಾಂಡಿನಾಗ ಇಳದಾವ್ನ, "ದವಾಖಾನಿಯವ್ರ, ನಿಮ್ಮ ಹೋರಿ ಬಂತು, ಇಳಿಸಿಕೊಳ್ರಿ" ಅಂತ ಒದರಾಂವ. ಬಸ್ಸಿನಾಗಿದ್ದ ಮಂದಿ ಕಿಟಕಿಯಾಗ ಹಣಿಕಿ ಹಾಕಿ ಹೋರಿ ಹುಡುಕತಿದ್ರು. ಈಗ ನಿಮಗ ಅದು ಹೊಗಿಯಾಡೂ ಡಬ್ಬ್ಯಾಗ ಬರತೈತಿ, ಫೋನಿನಾಗ ಲೆಕ್ಕ ಇರತೈತಿ, ಚಲೋ ಆತು. ಆದ್ರ ಒಂದು ಬದಲಾಗಿಲ್ಲ. ದನದ ಹಗ್ಗ ಹಿಡಕೊಂಡು ಗಂಡಸು ಬರ್ತಾನ, ದನದ ಸಂಗತಿ ಗೊತ್ತಿರೂದು ಮನಿ ಹೆಣ್ಮಕ್ಕಳಿಗಿ. ಒಂದು ಆಕಳ ಮೇವು ಬಿಟ್ಟು ಸೊರಗಿತ್ತು. ಗಂಡ ಕಣ್ಣಬಿದ್ದೈತಿ ಅಂದ, ಗಾಳಿ ಅಂದ, ಕೆಟ್ಟ ನೀರು ಅಂದ. ನಾ ಬಾಗಲ ಹಿಂದ ನಿಂತಾಕಿಗಿ ಕೇಳಿದೆ, "ಅಕ್ಕಾ, ನೀ ಹೇಳು." ಆಕಿ ಅಂಜಿ ಅಂಜಿ, "ಹೋದ ತಿಂಗಳ ಕೌದಿ ಹೊಲಿಯೂಮುಂದ ನನ್ನ ದೊಡ್ಡ ಸೂಜಿ ಕಳೀತ್ರಿ. ಅರಬಿ ಚೂರು ಗ್ವಾದ್ಲ್ಯಾಗ ಬಿದ್ದಿದ್ವು" ಅಂದ್ಲು. ಡಾಕ್ಟ್ರು ಹೊಟ್ಟಿ ಕೊಯ್ದು ತಗದದ್ದು ಅದ ಸೂಜಿ, ದಾರದ ಸಮೇತ. ಆಕಿ ಅದನ್ನ ತೊಳಕೊಂಡು ಮತ್ತ ಕೌದಿಗಿ ಹಚ್ಚಿದ್ಲು.

ಈ ಎಲ್ಲಾ ವರ್ಷ ಅಪ್ಪನ ಕಾರ್ಡ್ ತಪ್ಪದ ಬರತಿದ್ವು. "ಇಂಡಿ ಕಡೆ ಯಾರ್ಯಾರ ಪರಿಚಯ ಆದ್ರು? ಸಿಂದಗಿ ಮುಖಂಡರು ಯಾರು? ಹೆಸರು ಬರಿ." ನಾ ಬರೀತಿದ್ದೆ, ಇಂಥ ಊರಾಗ ಇಂಥವರ ಎಮ್ಮಿ ಅವಳಿ ಕರಾ ಹಾಕ್ತು ಅಂತ. ಅಪ್ಪ ಅದನ್ನೂ ಕಟ್ಟಿ ಮ್ಯಾಲ ಓದಿ, "ನನ್ನ ಮಗ ಮೂರು ತಾಲೂಕು ಗೆದ್ದಾನ" ಅಂತಿದ್ದನಂತ.

ಕಡೀಕ ಬಸವನ ಬಾಗೇವಾಡಿಗಿ ವರ್ಗ ಆತು. ನಮ್ಮೂರೂ ನನ್ನ ಹದ್ದಿನ್ಯಾಗ ಬಂತು. ಸರಕಾರ ಮುಂದೂಡಿಕೋತ ಬಂದಿದ್ದ ತಾಲೂಕ ಬೋರ್ಡ್ ಇಲೆಕ್ಷನ್ ಅದ ವರ್ಷ ಬಂತು. ಅಪ್ಪ ರಾಜೀನಾಮಿ ಟೈಪ್ ಮಾಡಿಸಿ ಜುಬ್ಬಾದ ಕಿಸೆದಾಗ ಇಟಗೊಂಡಿದ್ದ. ನನ್ನ ಸಹಿ ಅಷ್ಟ ಬಾಕಿ. ಎಂಟು ದಿನಕ್ಕ ನಾಮಪತ್ರ. ಖರೇ ಹೇಳ್ಬೇಕಂದ್ರ ನನಗೂ ಮನಸಾಗಿತ್ತು. ಅಪ್ಪಗ ವಯಸ್ಸಾಗಿತ್ತು, ಅವನ ಮಾರಿ ನೋಡಿದ್ರ ಇಲ್ಲ ಅನ್ನಾಕ ಬಾಯಿ ಬರತಿದ್ದಿಲ್ಲ. ಸಹಿ ಮಾಡೂಣು ಅಂತಲೇ ರವಿವಾರ ಊರಿಗಿ ಹೋದೆ.

ಊರಾಗ ಕಾಲಿಟ್ಟಾಗ ಅಪ್ಪನ ಜೀವದ ಗೆಳ್ಯಾ ಮಲಕಪ್ಪ ಎದುರಾದ. ಅವನ ಕೇರಿ ವೋಟೆಲ್ಲಾ ಅವನ ಕೈಯಾಗ. "ಬಾರೋ ಸಂಗಣ್ಣ, ನಮ್ಮ ಎರಡು ದನಕ್ಕ ಕೆಂಡದಂಗ ಮೈ ಸುಡಾಕತ್ತೈತಿ, ನೋಡು" ಅಂದ. ಹೋಗಿ ನೋಡಿದೆ. ಕಣ್ಣಾಗ ಪಿಸರು, ವಸಡಿನ ಮ್ಯಾಲ ಹಿಟ್ಟು ಚೆಲ್ಲಿದಂಗ ಹುಣ್ಣು, ನಾರೂ ನೀರು ಸಗಣಿ. ಇನ್ನೊಮ್ಮೆ ತುಟಿ ಎತ್ತಿ ನೋಡಿದೆ. ದೊಡ್ಡರೋಗ. ಅದಕ್ಕ ಔಷಧ ಇಲ್ಲ. ಒಂದು ಕೊಟ್ಟಿಗಿಗಿ ಹೊಕ್ಕಿತಂದ್ರ ಊರ ದನಾನ ಬಳಕೊಂಡು ಹೋಗತೈತಿ. ಉಳದದ್ದಕ್ಕ ಲಸಿಕಿ ಹಾಕಬೇಕು, ಒಂದು ದನಾನೂ ಊರ ಬಿಡಬಾರದು. ಮರುದಿನನ ದನದ ಸಂತಿ. ಊರಿಗೂರ ಸಂತಿಗಿ ತಯಾರಾಗಿತ್ತು, ಹಿಂಗಾರಿ ಬಿತ್ತಿಗೆಗಿ ಎತ್ತು ಬೇಕಲ್ಲ. ಮಲಕಪ್ಪ ಮೆಲ್ಲಕ, "ಇನ್ನೂ ಚಲೋ ಕಾಣೂ ದನ ನಾಳಿ ಸಂತ್ಯಾಗ ಕಳದುಬಿಡ್ತೇನಿ" ಅಂದ.

ಒಬ್ಬನ್ನ ಸೈಕಲ್ ಕೊಟ್ಟು ಬಾಗೇವಾಡಿ ಡಾಕ್ಟ್ರಿಗಿ ಚೀಟಿ ಕಳಿಸಿದೆ. ಅವರು ಲಸಿಕಿ ತಗೊಂಡು ಬರೂದು ಮರುದಿನ ಮಧ್ಯಾಹ್ನ. ಅಷ್ಟೊತ್ತಿಗಿ ದನ ಸಂತಿ ಮುಟ್ಟಿರ್ತಾವ. ಅಪ್ಪಗ ಹೇಳಿದೆ. ಅಪ್ಪ ನನ್ನ ಒಳಗ ಕರಕೊಂಡು ಹೋಗಿ ಬಾಗಲಾ ಮುಂದ ಮಾಡಿದ.

"ಎಂಟು ದಿನ ತಡಿ ಸಂಗಣ್ಣ. ಸಂತಿ ಬಂದ್ ಅಂದ್ರ ಊರ ಮುನಸತೈತಿ. ಮಲಕಪ್ಪ ಮುನಿದ್ರ ಆ ಕೇರೀನ ಹೋತು. ನೀ ಏನೂ ಸುಳ್ಳು ಹೇಳಬ್ಯಾಡ. ಕೇಳಿದಾವ್ರಿಗಿ ಬರೇ ನೋಡೂಣು ಅನ್ನು. ಮುಂದಿಂದು ಡಾಕ್ಟ್ರು ಬಂದು ಹೇಳ್ಕೊಳ್ಳಲಿ."

"ಅಪ್ಪ, ಎಂಟು ದಿನ ಅಲ್ಲ, ನಾಳಿ ಮಧ್ಯಾಹ್ನತನಕಾ ತಡದ್ರೂ ನಾಕು ತಾಲೂಕಿಗಿ ಹಬ್ಬತೈತಿ."

"ನಾ ಹತ್ತು ವರ್ಷ ಈ ಎಂಟು ದಿನಕ್ಕ ಕಾದೇನಿ" ಅಂದ. ದನಿ ನಡಗತಿತ್ತು. ನಮ್ಮಪ್ಪನ ದನಿ ನಡಗಿದ್ದು ನಾ ಅದ ಮೊದಲ ಕೇಳಿದ್ದು.

ನಾ ಹೊರಗ ಬಂದೆ. ನಮ್ಮ ಕಟ್ಟಿ ಮುಂದ ಸಂತಿಗಿ ಹೊಂಡಾವ್ರು, ವೋಟಿನ ಮಾತಿಗಿ ಬಂದಾವ್ರು, ಎಲ್ಲಾ ನೆರದಿದ್ರು. ಕಟ್ಟಿ ಹತ್ತಿದೆ. ಅಪ್ಪ ಭಾಷಣ ಅಂತ ತಿಳಕೊಂಡಿದ್ದಾನು. ನಾ ಮಹಾಜನಗಳೇ ಅನ್ನಲಿಲ್ಲ. ಒಬ್ಬೊಬ್ಬರ ಹೆಸರು ಹಿಡದೆ. "ನಿಂಗಪ್ಪ ಕಾಕಾ, ನಿನ್ನ ಗಬ್ಬದ ಆಕಳ ಮಲಕಪ್ಪನ ಕೊಟ್ಟಿಗಿ ಗ್ವಾಡಿಗೆ ಹೊಂದಿ ಕಟ್ಟತಿ. ಈಗ ಬಿಚ್ಚಿ ಹೊಲದಾಗ ಕಟ್ಟು. ಬಾಳಪ್ಪಣ್ಣ, ನಿನ್ನ ಜೋಡೆತ್ತು ಅದ ಹೊಂಡಕ್ಕ ನೀರಿಗಿ ಹೋಗ್ತಾವ. ನಾಳಿಯಿಂದ ಇಲ್ಲ. ಯಮನವ್ವ, ನಿನ್ನ ಎಮ್ಮಿ..." ಹಿಂಗ ಮನಿಮನಿ ದನ ಹೆಸರು ಹಿಡದು ಹೇಳಿದೆ. ನಲವತ್ತು ಹಳ್ಳಿ ನೆನಪಿಡಾಕ ತಲಿಗಿ ಟೊಣಕಿದ್ದ ನಮ್ಮಪ್ಪನ ವಿದ್ಯಾ ಅವತ್ತ ಕೈ ಹಿಡೀತು.

"ಬರೇ ಈ ಸಂತಿಗಿ ಹೋಗಿ ಬರ್ತೇವಲ್ಲೋ" ಅಂತ ಒಬ್ಬಾಂವ ಅಂದ.

"ಇಲ್ಲ" ಅಂದೆ. "ಒಂದು ದನಾನೂ ಊರ ಬಿಡೂದಿಲ್ಲ. ಮಲಕಪ್ಪ ಕಾಕಾ, ನಿನ್ನವ ಎರಡು ಉಳಿಯೂದಿಲ್ಲ. ಉಳದದ್ದೂ ಎಷ್ಟು ಉಳೀತಾವೋ ಹೇಳಾಕ ಆಗೂದಿಲ್ಲ. ಮಾರಾಕ ಬಿಡೂದಿಲ್ಲ ನಾ."

ಮಲಕಪ್ಪ ಎದ್ದು ಹೆಗಲ ಮ್ಯಾಲಿನ ಟವೆಲ್ಲು ಝಾಡಿಸಿದ. "ಗೌಡ, ನಿನ್ನ ಮಗಗ ನಮ್ಮ ಕೇರಿದು ಒಂದು ವೋಟೂ ಇಲ್ಲ" ಅಂದು ಹೋದ. ಅಪ್ಪ ಕಿಸೆದಾಗ ಕೈ ಹಾಕಿ ಆ ಕಾಗದ ಮುಟ್ಟಿ ನೋಡಿಕೊಂಡ. ಹೊರಗ ತಗೀಲಿಲ್ಲ.

ಮಲಕಪ್ಪನ ಕೊಟ್ಟಿಗ್ಯಾಗ ಒಂಬತ್ತು ದನ ಸತ್ವು. ಒಂದೊಂದಕ್ಕೂ ನಾನ ನಿಂತು ತೆಗ್ಗು ತೋಡಿಸಿ ಸುಣ್ಣ ಹಾಕಿಸಿದೆ. ಅವನ ಹೇಣತಿ ಮಣ್ಣು ಮುಚ್ಚೂಮುಂದ ಹಾಡಿ ಅತ್ತದ್ದು ಇವತ್ತಿಗೂ ಕಿವ್ಯಾಗ ಐತಿ. ಆದ್ರ ಆ ಗ್ವಾಡಿ ದಾಟಿ ರೋಗ ಆಚೆ ಹೋಗಲಿಲ್ಲ. ಬಾಜೂ ಊರಾಗ ಒಂದು ಕರಾನೂ ಸಾಯಲಿಲ್ಲ. ಇದನ್ನ ನಾ ಎದಿ ಎತ್ತಿ ಹೇಳ್ತೇನಿ. ನನ್ನ ಹೆಸರಲೆ ಒಂದು ಕಲ್ಲಿಲ್ಲ, ಒಂದು ಸರ್ಕಲ್ಲಿಲ್ಲ. ಆ ವರ್ಷ ಬಿತ್ತಿಗ್ಯಾಗ ನಮ್ಮ ಸುತ್ತಿನ ಹೊಲದಾಗ ಕೂರಿಗಿ ಎಳದ ಎತ್ತು ಅದಾವಲ್ಲ, ಅವು ನನ್ನವು.

ಅವತ್ತ ಸುಮ್ಮ ಇದ್ದು ಇಲೆಕ್ಷನ್ನಿಗಿ ನಿಂತಿದ್ರ ನಾ ಆರಿಸಿ ಬರ್ತಿದ್ದೆ. ಜಂಬ ಅಲ್ಲ ಇದು. ಹೆಸರು ಗೊತ್ತಿದ್ವು, ಬಾಯಿ ಇತ್ತು, ಅಪ್ಪನ ಪುಣ್ಯಾ ಇತ್ತು. ಆಮ್ಯಾಲ? ದಿನಾ ಕಟ್ಟಿ ಮ್ಯಾಲ ಕುಂತು ಮೀಸಿ ಮ್ಯಾಲ ಕೈಯಾಡಿಸಿ ನೋಡೂಣು ಅಂತಿದ್ದೆ. ಚಲೋ ಅಂತಿದ್ದೆ, ನಮ್ಮಪ್ಪನಕಿಂತ ಚಲೋ ಅಂತಿದ್ದೆ.

ಅಪ್ಪ ನನ್ನ ಕೂಡ ಮಾತು ಬಿಟ್ಟ. ಮನಿಗಿ ಹೋದ್ರ ಅವ್ವನ ಕಡೆ ತಿರುಗಿ, "ನಿನ್ನ ಮಗಗ ಉಣ್ಣಾಕ ನೀಡು" ಅಂತಿದ್ದ. ಹಿಂಗ ಎರಡು ವರ್ಷ. ನಾ ಹೋಗೂದು ಬಿಡಲಿಲ್ಲ, ಅವ ಮಾತಾಡಲಿಲ್ಲ. ಸೀಟು ಬ್ಯಾರೇದಾವ್ರಿಗಿ ಹೋತು.

ಆಮ್ಯಾಲ ಅಪ್ಪಗ ಜಡ್ಡಾತು. ವಿಜಾಪುರದಾಗ ತೋರಿಸಿದ್ವಿ, ಸೊಲ್ಲಾಪುರಕ್ಕ ಒಯ್ದ್ವಿ. ಒಂದಿನ ಮುಂಜಾನೆ ದವಾಖಾನ್ಯಾಗ ನಾ ಒಂದು ಕುರಿಗಿ ಸೂಜಿ ಮಾಡಾಕತ್ತಿದ್ದೆ. ಬಾಗಲಾಗ ಮಲಕಪ್ಪ ನಿಂತಿದ್ದ. ಆ ದಿನದಿಂದ ಅವ ನನ್ನ ಮಾರಿ ನೋಡಿದ್ದಿಲ್ಲ.

"ನಿಮ್ಮಪ್ಪ ಕರಿಯಾಕತ್ತಾನ" ಅಂದ. "ಖರೇ ಹೇಳೂವಂಥಾವ್ರನ್ನ ಯಾರನ್ನ ಕರಸಲಿ ಅಂತ ನನ್ನ ಕೇಳಿದ. ಸಂಗಣ್ಣನ್ನ ಕರಸು ಅಂತ ನಾನ ಹೇಳೇನಿ."

ಪಡಸಾಲ್ಯಾಗ ಹೊರಸಿನ ಮ್ಯಾಲ ಅಪ್ಪ ಮಲಗಿದ್ದ. ಎರಡು ವರ್ಷದಾಗ ಮೊದಲ ಸಲ ನನ್ನ ಹೆಸರು ಹಿಡದ.

"ಸಂಗಣ್ಣಾ, ವಿಜಾಪುರದಾವ್ರು ಏನಂದ್ರು ಗೊತ್ತೇನು? ನೋಡೂಣ್ರಿ ಗೌಡ್ರ ಅಂದ್ರು. ಸೊಲ್ಲಾಪುರದಾಂವ ಹಿಂದಿಯಾಗ ಅದನ್ನ ಅಂದ. ನಿಮ್ಮವ್ವ ನೋಡೂಣು ಅಂತಾಳ. ಈ ಮಲಕ್ಯಾನೂ ಅದನ್ನ ಅಂತಾನ. ನಲವತ್ತು ವರ್ಷ ನಾ ಮಂದಿಗಿ ಆ ಮಾತು ಹೇಳೇನಿ. ಅದರ ಅರ್ಥ ನನಗ ಗೊತ್ತಿಲ್ಲೇನು?"

ನಾ ಹೊರಸಿನ ಬಾಜೂಕ ಕುಂತೆ.

"ಕೈ ತೊಳಕೊಂಡು ಬಾ" ಅಂದ. "ದನ ನೋಡಿದಂಗ ನನ್ನ ನೋಡು. ನೋಡಿ ಹೇಳು."

ಬಚ್ಚಲಕ್ಕ ಹೋಗಿ ಕೈ ತೊಳಕೊಂಡೆ. ಅಲ್ಲೇ ಒಂದಿಷ್ಟು ಅತ್ತೆ. ಬಂದು ಅವನ ಕಣ್ಣಿನ ರೆಪ್ಪಿ ಇಳಿಸಿ ನೋಡಿದೆ. ಅರಿಶಿಣದಂಗ ಹಳದಿ. ವಸಡು ನೋಡಿದೆ. ಹೊಟ್ಟಿ ಮ್ಯಾಲ ಕೈ ಇಟ್ಟು ಒತ್ತಿದೆ. ಬಲಗಡೆ ಕಲ್ಲಿನಂಗ ಹತ್ತಿತು. ಕಾಲಿನ ಬಾವು ಒತ್ತಿದ್ರ ಬಟ್ಟಿನ ಗುರ್ತು ಹಂಗ ಉಳೀತು. ಅಪ್ಪ ನನ್ನ ಮಾರಿ ನೋಡಾಕತ್ತಿದ್ದ. ಅವ್ವ ಬಾಗಲದಾಗ ನಿಂತು, ಬ್ಯಾಡ ಅಂತ ನನಗ ಕೈಸನ್ನಿ ಮಾಡತಿದ್ಲು.

"ಉಳೀತೇನೇನು?"

"ಇಲ್ಲಪ್ಪ" ಅಂದೆ.

"ಎಷ್ಟು ದಿನ?"

"ಬಾಳ ಅಂದ್ರ ಹಿಂಗಾರಿ ಬಿತ್ತಿಗಿತನಕಾ."

ಅಪ್ಪ ಮ್ಯಾಲ ಜಂತಿ ನೋಡಿಕೋತ ಮಲಗಿದ್ದ. ಆಮ್ಯಾಲ ಅವನ ಹೊಟ್ಟಿ ಅಲಗಾಡಾಕ ಹತ್ತಿತು. ನಗತಿದ್ದ. "ಹೋತಲ್ಲೋ ಮಗನ" ಅಂದ. "ಇದ್ದೊಂದು ನನ್ನ ವೋಟೂ ಕಳಕೊಂಡಿ." ನಕ್ಕೋತ ನನ್ನ ಕೈ ಹಿಡಕೊಂಡ. ಬಿಡಲೇ ಇಲ್ಲ.

ಮರುದಿನದಿಂದ ದಿನಾ ಮುಂಜಾನೆ ಅವನ್ನ ಎತ್ತಿಕೊಂಡು ಹೋಗಿ ಕಟ್ಟಿ ಮ್ಯಾಲ ಕುಂಡ್ರಿಸತಿದ್ವಿ. ಹಾಂಗಂತ ಅವನ ಹುಕುಂ ಆಗಿತ್ತು. ನಾ ರಜಾ ಹಾಕಿ ಬಾಜೂಕ ಕುಂಡ್ರತಿದ್ದೆ. ಎಂದಿನಂಗ ಮಂದಿ ಬಂದ್ರು. ಭಾವಿ ಕೇಳಿದಾವ್ಗ, "ಅದು ಆಗೂದಿಲ್ಲಪ್ಪ, ನಾ ಸುಮ್ಮ ಐದು ವರ್ಷ ನಿನ್ನ ತಿರಗಿಸೇನಿ, ತಪ್ಪಾತು" ಅಂದ. ದಾರಿ ಕೇಳಿದಾವ್ಗ, "ಹೂಂ, ನಮ್ಮ ಹೊಲದ ಬದುವಿನಾಗಿಂದ ತಗೋ, ಇವತ್ತ ಕಲ್ಲು ಹುಗಸ್ತೇನಿ" ಅಂದ. ನೌಕರಿ ಕೇಳಿದಾವ್ಗ ಇಲ್ಲ ಅಂದ. ಮಂದಿ ಗಾಬರಿಯಾಗಿ ನನ್ನ ಮಾರಿ ನೋಡತಿದ್ರು. ಇಲ್ಲ ಅನಿಸಿಕೊಂಡಾವ್ರೂ ಮರುದಿನ ಬಂದು ಅವನ ಬಾಜೂಕ ಕುಂಡ್ರತಿದ್ರು.

ಬಿತ್ತಿಗಿ ಇನ್ನ ಎಂಟು ದಿನ ಇತ್ತು. ಹೊರಗಿನ ಊರಾಂವ ಒಬ್ಬ ಹಳೇ ಪರಿಚಯದಾಂವ ಬಂದು ಕೈಮುಗದು, "ಏನೂ ಆಗೂದಿಲ್ರಿ ಗೌಡ್ರ, ಯುಗಾದಿಗಿ ಎದ್ದು ಅಡ್ಡಾಡ್ತೀರಿ ತಗೋರಿ" ಅಂದ.

ಅಪ್ಪ ಮೀಸಿ ಮ್ಯಾಲ ಕೈಯಾಡಿಸಿದ.

"ಇಲ್ಲ" ಅಂದ, ಕಟ್ಟಿ ಮ್ಯಾಲಿದ್ದ ಎಲ್ಲಾರಿಗೂ ಕೇಳೂವಂಗ. "ನನ್ನ ಹಿರೇಮಗ ಡಾಕ್ಟರ್ ಅದಾನ. ಅವ ಹೇಳ್ಯಾನ."